ಧರಿಸಬಹುದಾದ ತಂತ್ರಜ್ಞಾನ

ಧರಿಸಬಹುದಾದ ತಂತ್ರಜ್ಞಾನ ಎಂದರೆ ಮೈಮೇಲೆ ತೊಟ್ಟುಕೊಳ್ಳುವಂತೆ ರೂಪಿಸಿದ, ಸಂವೇದಕಗಳನ್ನೂ ಸಣ್ಣ ಗಣಕವನ್ನೂ ಒಳಗೊಂಡ ವಿದ್ಯುನ್ಮಾನ ಸಾಧನಗಳಿಗೆ ಇರುವ ಸಾಮಾನ್ಯ ಹೆಸರು. ಸ್ಮಾರ್ಟ್‌ವಾಚ್, ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್ ಉಂಗುರ, ಸ್ಮಾರ್ಟ್ ಕನ್ನಡಕ, ಎದೆಗೆ ಕಟ್ಟುವ ಹೃದಯಬಡಿತದ ಪಟ್ಟಿ, ಚರ್ಮಕ್ಕೆ ಅಂಟಿಸುವ ಗ್ಲೂಕೋಸ್ ಮಾಪಕ ಮುಂತಾದವು ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಹೆಚ್ಚಿನವು ನಿಸ್ತಂತು ಸಂಪರ್ಕದ ಮೂಲಕ ಮೊಬೈಲ್ ಫೋನಿನೊಂದಿಗೂ ಅದರ ಮೂಲಕ ಅಂತರಜಾಲದೊಂದಿಗೂ ಜೋಡಣೆಯಾಗುವುದರಿಂದ ಇವನ್ನು ವಸ್ತುಗಳ ಅಂತರಜಾಲದ ಭಾಗವೆಂದೂ ಪರಿಗಣಿಸಲಾಗುತ್ತದೆ.

ಇಂತಹ ಸಾಧನಗಳು ನೇರವಾಗಿ ಅಳೆಯುವುದು ಕೆಲವೇ ಸಂಗತಿಗಳನ್ನು: ಚಲನೆ, ಚರ್ಮದಿಂದ ಹಿಂದಿರುಗುವ ಬೆಳಕು, ವಿದ್ಯುತ್ ಸಂಕೇತ, ಉಷ್ಣತೆ ಮತ್ತು ಸ್ಥಳ. ನಿದ್ರೆಯ ಹಂತ, ಖರ್ಚಾದ ಕ್ಯಾಲೊರಿ, ಮಾನಸಿಕ ಒತ್ತಡ ಮುಂತಾಗಿ ಪರದೆಯ ಮೇಲೆ ಕಾಣುವ ಉಳಿದ ಅಂಕಿಗಳು ಈ ಅಳತೆಗಳಿಂದ ತಂತ್ರಾಂಶವು ಮಾಡುವ ಅಂದಾಜುಗಳು. ಆದ್ದರಿಂದ ಈ ತಂತ್ರಜ್ಞಾನದ ಕುರಿತ ಚರ್ಚೆಯಲ್ಲಿ ಎರಡು ಪ್ರಶ್ನೆಗಳಿಗೆ ಮುಖ್ಯ ಸ್ಥಾನವಿದೆ: ಅಂದಾಜು ಎಷ್ಟು ನಿಖರ ಮತ್ತು ಸಂಗ್ರಹವಾದ ದತ್ತಾಂಶ ಯಾರ ಕೈಯಲ್ಲಿರುತ್ತದೆ.

ಇತಿಹಾಸ

ಆರಂಭಿಕ ಪ್ರಯತ್ನಗಳು

ಅಮೆರಿಕದ ಜೀವಭೌತವಿಜ್ಞಾನಿ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ, ನಡೆದಾಡುತ್ತಿರುವ ವ್ಯಕ್ತಿಯ ಹೃದಯದ ವಿದ್ಯುತ್ ಸಂಕೇತವನ್ನು ರೇಡಿಯೊ ಮೂಲಕ ರವಾನಿಸುವ ಉಪಕರಣವನ್ನು ನಿರ್ಮಿಸಿದರು. ಬೆನ್ನಿಗೆ ಹೊರಬೇಕಾಗಿದ್ದ ಆ ಉಪಕರಣದ ತೂಕ 35 ಕಿಲೋಗ್ರಾಮಿಗೂ ಹೆಚ್ಚಾಗಿತ್ತು. ಟ್ರಾನ್ಸಿಸ್ಟರುಗಳ ಬಳಕೆಯಿಂದ ಅದು ಕ್ರಮೇಣ ಕಿರಿದಾಯಿತು. ರೋಗಿಯ ಇಸಿಜಿಯನ್ನು 24 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ದಾಖಲಿಸುವ ಸಾಧನವನ್ನು ಇಂದಿಗೂ ಆಸ್ಪತ್ರೆಗಳಲ್ಲಿ ಹೋಲ್ಟರ್ ಮಾನಿಟರ್ ಎಂದೇ ಕರೆಯುತ್ತಾರೆ.

ಮೈಮೇಲೆ ಧರಿಸಿದ ಮೊದಲ ಗಣಕವೆಂದು ಸಾಮಾನ್ಯವಾಗಿ ಗುರುತಿಸಲಾಗುವ ಸಾಧನವನ್ನು ಗಣಿತಜ್ಞ ಎಡ್ವರ್ಡ್ ಥಾರ್ಪ್ ಮತ್ತು ಮಾಹಿತಿ ಸಿದ್ಧಾಂತದ ಪ್ರವರ್ತಕ ಕ್ಲಾಡ್ ಶ್ಯಾನನ್ ಸೇರಿ ರೂಪಿಸಿ, 1961ರಲ್ಲಿ ಲಾಸ್ ವೇಗಸ್ಸಿನಲ್ಲಿ ಪರೀಕ್ಷಿಸಿದರು. ಸಿಗರೇಟು ಪೆಟ್ಟಿಗೆಯಷ್ಟಿದ್ದ ಅದು ರೂಲೆಟ್ ಜೂಜಿನಲ್ಲಿ ಚೆಂಡು ಎಲ್ಲಿ ನಿಲ್ಲಬಹುದೆಂದು ಊಹಿಸುತ್ತಿತ್ತು. ಪಾದರಕ್ಷೆಯೊಳಗಿನ ಗುಂಡಿಯನ್ನು ಕಾಲ್ಬೆರಳಿನಿಂದ ಒತ್ತಿ ಸಮಯವನ್ನು ದಾಖಲಿಸಲಾಗುತ್ತಿತ್ತು. ಉತ್ತರವು ಕಿವಿಯಲ್ಲಿ ಸ್ವರದ ರೂಪದಲ್ಲಿ ಕೇಳಿಸುತ್ತಿತ್ತು. ಜೂಜುಕಟ್ಟೆಗಳಲ್ಲಿ ಇಂತಹ ಸಾಧನಗಳ ಬಳಕೆಯನ್ನು ನೆವಾಡ ರಾಜ್ಯವು 1985ರಲ್ಲಿ ಕಾನೂನಿನ ಮೂಲಕ ನಿಷೇಧಿಸಿತು.

ಹೆಜ್ಜೆ ಎಣಿಕೆಯು ಜನಪ್ರಿಯವಾದದ್ದು ಜಪಾನಿನಲ್ಲಿ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಯಮಾಸಾ ಸಂಸ್ಥೆಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್‌ಪೊ-ಕೇ. ಜಪಾನಿ ಭಾಷೆಯಲ್ಲಿ ಇದರ ಅರ್ಥ "ಹತ್ತು ಸಾವಿರ ಹೆಜ್ಜೆಗಳ ಮಾಪಕ". ಇಂದು ಅನೇಕ ಸಾಧನಗಳು ದಿನದ ಗುರಿಯಾಗಿ ತೋರಿಸುವ 10,000 ಹೆಜ್ಜೆಗಳ ಸಂಖ್ಯೆಯ ಮೂಲ ಈ ವ್ಯಾಪಾರಿ ಹೆಸರಿನಲ್ಲಿದೆ.

ಕೈಗಡಿಯಾರದಿಂದ ಗಣಕದತ್ತ

1975ರಲ್ಲಿ ಪಲ್ಸರ್ ಕಂಪನಿಯ ಲೆಕ್ಕಯಂತ್ರವುಳ್ಳ ಕೈಗಡಿಯಾರ ಮಾರುಕಟ್ಟೆಗೆ ಬಂದಿತು. 1980ರ ದಶಕದಲ್ಲಿ ಕ್ಯಾಸಿಯೊ ಕಂಪನಿಯ ಇಂತಹ ಗಡಿಯಾರಗಳು ಅನೇಕ ದೇಶಗಳಲ್ಲಿ ಜನಪ್ರಿಯವಾದವು. ಫಿನ್ಲೆಂಡಿನ ಪೋಲಾರ್ ಎಲೆಕ್ಟ್ರೊ ಸಂಸ್ಥೆಯು 1982ರಲ್ಲಿ ಎದೆಪಟ್ಟಿಯಿಂದ ಕೈಗಡಿಯಾರಕ್ಕೆ ಹೃದಯಬಡಿತವನ್ನು ನಿಸ್ತಂತುವಾಗಿ ಕಳುಹಿಸುವ ಸಾಧನವನ್ನು ಬಿಡುಗಡೆ ಮಾಡಿತು. ಇದು ಕ್ರೀಡಾಪಟುಗಳ ತರಬೇತಿಯಲ್ಲಿ ಬಳಕೆಗೆ ಬಂದಿತು. ಕೆನಡಾದ ಸ್ಟೀವ್ ಮ್ಯಾನ್ 1980ರ ದಶಕದಿಂದಲೇ ತಲೆಗೆ ಧರಿಸುವ ಕ್ಯಾಮೆರಾ ಮತ್ತು ಪರದೆಗಳನ್ನು ತಾವೇ ತಯಾರಿಸಿ ಬಳಸತೊಡಗಿದರು. ಧರಿಸುವ ಗಣಕಗಳನ್ನು ಕುರಿತ ಮೊದಲ ಅಂತರರಾಷ್ಟ್ರೀಯ ವಿಚಾರ ಸಂಕಿರಣವು 1997ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ನಡೆಯಿತು.

ಜನಸಾಮಾನ್ಯರ ಬಳಕೆ

2000ದ ನಂತರದ ವರ್ಷಗಳಲ್ಲಿ ಮೂರು ಬೆಳವಣಿಗೆಗಳು ಈ ಸಾಧನಗಳನ್ನು ಸಾಮಾನ್ಯ ಗ್ರಾಹಕರ ಕೈಗೆ ತಲುಪಿಸಿದವು: ಸಿಲಿಕಾನ್ ಸಂವೇದಕಗಳ ಬೆಲೆ ಇಳಿದದ್ದು, ಸ್ಮಾರ್ಟ್‌ಫೋನ್ ಹರಡಿದ್ದು ಮತ್ತು ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್ 2010ರಲ್ಲಿ ಬ್ಲೂಟೂತ್ 4.0 ಮಾನಕದ ಭಾಗವಾದದ್ದು. 2007ರಲ್ಲಿ ಸ್ಥಾಪನೆಯಾದ ಫಿಟ್‌ಬಿಟ್ ತನ್ನ ಮೊದಲ ಸಾಧನವನ್ನು 2009ರಲ್ಲಿ ಮಾರಾಟಕ್ಕೆ ತಂದಿತು. ಪೆಬಲ್ ಗಡಿಯಾರವು 2012ರಲ್ಲಿ ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ ಸಾರ್ವಜನಿಕರಿಂದ 1 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಸಂಗ್ರಹಿಸಿತು. 2013ರಲ್ಲಿ ಆಯ್ದ ಬಳಕೆದಾರರಿಗೆ 1,500 ಡಾಲರಿಗೆ ದೊರೆತ ಗೂಗಲ್ ಗ್ಲಾಸ್ ಕನ್ನಡಕವು, ಎದುರಿಗಿರುವವರಿಗೆ ತಿಳಿಯದಂತೆ ಚಿತ್ರೀಕರಿಸಬಹುದೆಂಬ ಆತಂಕದಿಂದ ವಿರೋಧವನ್ನು ಎದುರಿಸಿತು. ಆ್ಯಪಲ್ ವಾಚ್ 2015ರ ಏಪ್ರಿಲಿನಲ್ಲಿ ಮಾರುಕಟ್ಟೆಗೆ ಬಂದಿತು. ಫಿಟ್‌ಬಿಟ್ ಸಂಸ್ಥೆಯ ಖರೀದಿಯನ್ನು ಗೂಗಲ್ 2021ರ ಜನವರಿಯಲ್ಲಿ ಪೂರ್ಣಗೊಳಿಸಿತು.

ಕಾರ್ಯವಿಧಾನ

ಚಲನೆ

ಹೆಜ್ಜೆ ಎಣಿಸುವ ಸಂವೇದಕವನ್ನು ವೇಗೋತ್ಕರ್ಷಮಾಪಕ ಎನ್ನುತ್ತಾರೆ. ಇದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾದ ಸಿಲಿಕಾನ್ ತುಣುಕೊಂದು ಸ್ಪ್ರಿಂಗಿನಂತಹ ಆಧಾರಗಳ ಮೇಲೆ ನಿಂತಿರುತ್ತದೆ. ಕೈ ಅಲುಗಿದಾಗ ಈ ತುಣುಕು ಸರಿಯುತ್ತದೆ. ಅದರಿಂದ ವಿದ್ಯುತ್ ಧಾರಕತೆಯಲ್ಲಿ ಆಗುವ ವ್ಯತ್ಯಾಸವನ್ನು ಅಳೆಯಲಾಗುತ್ತದೆ. ನಡಿಗೆಯ ಲಯಕ್ಕೆ ಹೊಂದುವ ಏರಿಳಿತವನ್ನು ತಂತ್ರಾಂಶವು ಹೆಜ್ಜೆಯೆಂದು ಎಣಿಸುತ್ತದೆ. ಹೀಗಾಗಿ ಕುಳಿತಲ್ಲೇ ಕೈ ಲಯಬದ್ಧವಾಗಿ ಅಲುಗಿದರೆ ಇಲ್ಲದ ಹೆಜ್ಜೆಗಳು ಸೇರಬಹುದು. ಕೈಗಾಡಿಯನ್ನು ತಳ್ಳುತ್ತಾ ನಡೆದಾಗ ಕೈ ಅಲುಗದೆ, ಇಟ್ಟ ಹೆಜ್ಜೆಗಳು ಲೆಕ್ಕ ತಪ್ಪಬಹುದು.

ಬೆಳಕು

ಗಡಿಯಾರದ ಹಿಂಬದಿಯಲ್ಲಿ ಮಿನುಗುವ ಹಸಿರು ಎಲ್‌ಇಡಿಗಳು ಹೃದಯಬಡಿತವನ್ನು ತಿಳಿಯಲು ನೆರವಾಗುತ್ತವೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತದಲ್ಲೂ ಚರ್ಮದಡಿಯ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತದ ಪ್ರಮಾಣ ಏರಿ ಇಳಿಯುವುದರಿಂದ, ಹಿಂದಿರುಗುವ ಬೆಳಕಿನ ಪ್ರಮಾಣವೂ ಅದೇ ಲಯದಲ್ಲಿ ಬದಲಾಗುತ್ತದೆ. ಈ ವಿಧಾನಕ್ಕೆ ಫೋಟೋಪ್ಲೆತಿಸ್ಮೋಗ್ರಫಿ ಎಂದು ಹೆಸರು.

ರಕ್ತದ ಆಮ್ಲಜನಕದ ಮಟ್ಟವನ್ನು ಅಂದಾಜಿಸಲು ಕೆಂಪು ಮತ್ತು ಅವಕೆಂಪು ಬೆಳಕನ್ನು ಬಳಸಲಾಗುತ್ತದೆ. ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್ ಈ ಎರಡು ಬಣ್ಣಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತವೆ. ಎರಡರ ಅನುಪಾತದಿಂದ ಶೇಕಡಾವಾರು ಮಟ್ಟ ದೊರೆಯುತ್ತದೆ. ಈ ತತ್ತ್ವವನ್ನು ಜಪಾನಿನ ಎಂಜಿನಿಯರ್ ತಕುವೊ ಅಒಯಾಗಿ 1970ರ ದಶಕದ ಆರಂಭದಲ್ಲಿ ರೂಪಿಸಿದರು. ಕೋವಿಡ್-19ರ ಸಮಯದಲ್ಲಿ ಮನೆಮನೆಗೆ ಪರಿಚಿತವಾದ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೆಲಸ ಮಾಡುವುದೂ ಇದೇ ತತ್ತ್ವದಿಂದ. ಬೆರಳಿನ ಮಾಪಕದಲ್ಲಿ ಬೆಳಕು ಬೆರಳನ್ನು ಹಾಯ್ದು ಆಚೆ ಬದಿಗೆ ತಲುಪುತ್ತದೆ. ಗಡಿಯಾರದಲ್ಲಿ ಚದುರಿ ಹಿಂದಿರುಗುವ ಬೆಳಕನ್ನು ಮಾತ್ರ ಅಳೆಯಲು ಸಾಧ್ಯ. ಆದ್ದರಿಂದ ಪಟ್ಟಿ ಸಡಿಲವಾದರೆ, ಚಳಿಯಿಂದ ಕೈ ತಣ್ಣಗಾದರೆ ಅಥವಾ ಮಣಿಕಟ್ಟಿನ ಮೇಲೆ ಹಚ್ಚೆಯಿದ್ದರೆ ಅಳತೆ ಕೆಡಬಹುದು.

ವಿದ್ಯುತ್ ಸಂಕೇತ

ಕೆಲವು ಗಡಿಯಾರಗಳಲ್ಲಿ ಇಸಿಜಿ ಸೌಲಭ್ಯವಿದೆ. ಒಂದು ವಿದ್ಯುದ್ವಾರವು ಗಡಿಯಾರದ ಹಿಂಬದಿಯಲ್ಲಿ ಮಣಿಕಟ್ಟಿಗೆ ತಾಗಿರುತ್ತದೆ. ಇನ್ನೊಂದನ್ನು ಮತ್ತೊಂದು ಕೈಯ ಬೆರಳಿನಿಂದ ಮುಟ್ಟಬೇಕು. ಆಗ ಹೃದಯದ ವಿದ್ಯುತ್ ಚಟುವಟಿಕೆಯ ಒಂದೇ ಒಂದು ನೋಟ ದೊರೆಯುತ್ತದೆ. ಆಸ್ಪತ್ರೆಯ ಸಾಮಾನ್ಯ ಇಸಿಜಿಯಲ್ಲಿ ಇಂತಹ 12 ನೋಟಗಳಿರುತ್ತವೆ. ಬಡಿತದ ಲಯದಲ್ಲಿನ ಏರುಪೇರನ್ನು ಗುರುತಿಸಲು ಒಂದು ನೋಟ ನೆರವಾಗುತ್ತದೆ. ಹೃದಯಾಘಾತವನ್ನು ಪತ್ತೆ ಮಾಡಲು ಅದನ್ನು ನೆಚ್ಚುವಂತಿಲ್ಲ.

ಚರ್ಮದಡಿಯ ಸಂವೇದಕ

ಮಧುಮೇಹಿಗಳು ಬಳಸುವ ನಿರಂತರ ಗ್ಲೂಕೋಸ್ ಮಾಪಕವು ಗಡಿಯಾರಕ್ಕಿಂತ ಭಿನ್ನ. ಇದರ ಕೂದಲಿನಂತಹ ಎಳೆಯು ಚರ್ಮದಡಿಯ ದ್ರವದಲ್ಲಿ ನಿಂತು, ಕಿಣ್ವದ ರಾಸಾಯನಿಕ ಕ್ರಿಯೆಯ ಮೂಲಕ ಗ್ಲೂಕೋಸ್ ಪ್ರಮಾಣವನ್ನು ಅಳೆಯುತ್ತದೆ. ಅಳೆಯುವುದು ರಕ್ತವನ್ನಲ್ಲದ ಕಾರಣ, ರಕ್ತದ ಸಕ್ಕರೆ ವೇಗವಾಗಿ ಏರುವಾಗ ಅಥವಾ ಇಳಿಯುವಾಗ ಅದರ ಅಂಕಿ ಕೆಲವು ನಿಮಿಷ ಹಿಂದುಳಿದಿರುತ್ತದೆ.

ಬಳಕೆಗಳು

ವ್ಯಾಯಾಮ ಮತ್ತು ಕ್ರೀಡಾ ತರಬೇತಿಯಲ್ಲಿ ದೂರ, ವೇಗ ಮತ್ತು ಹೃದಯಬಡಿತದ ದಾಖಲೆಗೆ ಈ ಸಾಧನಗಳು ಹೆಚ್ಚು ಬಳಕೆಯಲ್ಲಿವೆ. ವೃದ್ಧರು ಬಿದ್ದಾಗ ಅದನ್ನು ಗುರುತಿಸಿ ಮನೆಯವರಿಗೆ ಅಥವಾ ತುರ್ತು ಸೇವೆಗೆ ಕರೆ ಮಾಡುವ ಸೌಲಭ್ಯ ಕೆಲವು ಗಡಿಯಾರಗಳಲ್ಲಿದೆ. ಕಿವಿಗೆ ಹಾಕುವ ಇಯರ್‌ಫೋನನ್ನು ಶ್ರವಣ ಸಾಧನವಾಗಿ ಮಾರ್ಪಡಿಸುವ ತಂತ್ರಾಂಶಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಅನುಮತಿ ನೀಡಿತು.

ವೈದ್ಯಕೀಯ ಉಪಯೋಗದ ದೃಷ್ಟಿಯಿಂದ ಹೆಚ್ಚು ಅಧ್ಯಯನವಾಗಿರುವುದು ಏಟ್ರಿಯಲ್ ಫಿಬ್ರಿಲೇಷನ್ ಎಂಬ ಅನಿಯಮಿತ ಹೃದಯಬಡಿತದ ಪತ್ತೆ. ಈ ತೊಂದರೆಯು ಅನೇಕರಲ್ಲಿ ಲಕ್ಷಣಗಳಿಲ್ಲದೆ ಬರುತ್ತದೆ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತದೆ. ಆ್ಯಪಲ್ ಸಂಸ್ಥೆಯ ಧನಸಹಾಯದಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರು ಭಾಗವಹಿಸಿದರು. ಇದರ ಫಲಿತಾಂಶ 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾಗವಹಿಸಿದವರಲ್ಲಿ ಶೇ. 0.52ರಷ್ಟು ಮಂದಿಗೆ ಗಡಿಯಾರದಿಂದ ಎಚ್ಚರಿಕೆ ಬಂದಿತು. ಅವರಲ್ಲಿ ಎದೆಗೆ ಅಂಟಿಸುವ ಇಸಿಜಿ ಪಟ್ಟಿಯನ್ನು ನಂತರ ಧರಿಸಿ ಹಿಂದಿರುಗಿಸಿದ 450 ಜನರ ಪೈಕಿ ಶೇ. 34ರಷ್ಟು ಮಂದಿಯಲ್ಲಿ ತೊಂದರೆ ದೃಢಪಟ್ಟಿತು. ಈ ತೊಂದರೆ ಬಂದು ಹೋಗುವ ಸ್ವಭಾವದ್ದಾದ್ದರಿಂದ, ಉಳಿದವರಿಗೆ ಬಂದ ಎಚ್ಚರಿಕೆಗಳೆಲ್ಲ ಸುಳ್ಳೆಂದು ಇದರಿಂದ ಹೇಳಲಾಗದು. ಹಾಗೆಯೇ ಎಚ್ಚರಿಕೆ ಬಂದ ಮಾತ್ರಕ್ಕೆ ರೋಗವಿದೆಯೆಂದೂ ತೀರ್ಮಾನಿಸಲಾಗದು.

ನಿಖರತೆ ಮತ್ತು ಮಿತಿಗಳು

ಅಂದಾಜುಗಳ ವಿಶ್ವಾಸಾರ್ಹತೆ

ಒಂದೇ ಸಾಧನವು ತೋರಿಸುವ ಎಲ್ಲ ಅಂಕಿಗಳೂ ಸಮಾನವಾಗಿ ನಂಬಲರ್ಹವಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ 7 ಸಾಧನಗಳನ್ನು 60 ಸ್ವಯಂಸೇವಕರ ಮೇಲೆ ಪರೀಕ್ಷಿಸಿದರು. ಅವುಗಳಲ್ಲಿ 6 ಸಾಧನಗಳು ಹೃದಯಬಡಿತವನ್ನು ಶೇ. 5ಕ್ಕಿಂತ ಕಡಿಮೆ ದೋಷದೊಂದಿಗೆ ಅಳೆದವು. ಖರ್ಚಾದ ಶಕ್ತಿಯ ಲೆಕ್ಕದಲ್ಲಿ ಅತ್ಯುತ್ತಮ ಸಾಧನದ ಸರಾಸರಿ ದೋಷವೂ ಶೇ. 27ರಷ್ಟಿತ್ತು, ಅತ್ಯಂತ ಕಳಪೆಯಾದದ್ದರ ದೋಷ ಶೇ. 93. ಹೃದಯಬಡಿತವು ನೇರ ಅಳತೆಗೆ ಹತ್ತಿರವಾದದ್ದು. ಕ್ಯಾಲೊರಿಯು ವಯಸ್ಸು, ತೂಕ, ಚಲನೆ ಮತ್ತು ಬಡಿತಗಳಿಂದ ಸೂತ್ರದ ಮೂಲಕ ಕಟ್ಟಿದ ಅಂದಾಜು.

ನಿದ್ರೆಯ ಹಂತಗಳ ವಿಷಯವೂ ಇಂಥದ್ದೇ. ನಿದ್ರಾ ಪ್ರಯೋಗಾಲಯದಲ್ಲಿ ಮಿದುಳಿನ ವಿದ್ಯುತ್ ಅಲೆಗಳು, ಕಣ್ಣಿನ ಚಲನೆ ಮತ್ತು ಸ್ನಾಯುಗಳ ಬಿಗಿತವನ್ನು ಒಟ್ಟಿಗೆ ದಾಖಲಿಸಿ ಹಂತಗಳನ್ನು ನಿರ್ಧರಿಸುತ್ತಾರೆ. ಗಡಿಯಾರಕ್ಕೆ ಮಿದುಳಿನ ಅಲೆಗಳು ಸಿಗುವುದಿಲ್ಲ; ಅದು ಮೈಯ ಅಲುಗಾಟ ಮತ್ತು ಹೃದಯಬಡಿತದಿಂದ ಊಹೆ ಮಾಡುತ್ತದೆ.

ಚರ್ಮದ ಬಣ್ಣ

ಚರ್ಮಕ್ಕೆ ಬಣ್ಣ ನೀಡುವ ಮೆಲನಿನ್ ಕೂಡ ಬೆಳಕನ್ನು ಹೀರಿಕೊಳ್ಳುತ್ತದೆ. 2020ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಆಸ್ಪತ್ರೆಯ ಪಲ್ಸ್ ಆಕ್ಸಿಮೀಟರುಗಳು ಕಪ್ಪುವರ್ಣೀಯ ರೋಗಿಗಳಲ್ಲಿ ಆಮ್ಲಜನಕದ ಕೊರತೆಯನ್ನು ಗುರುತಿಸದೇ ಹೋದ ಪ್ರಮಾಣವು ಬಿಳಿಯ ರೋಗಿಗಳಲ್ಲಿದ್ದುದಕ್ಕಿಂತ ಸುಮಾರು 3 ಪಟ್ಟು ಹೆಚ್ಚು. ಈ ಅಧ್ಯಯನ ಗಡಿಯಾರಗಳನ್ನು ಕುರಿತದ್ದಲ್ಲದಿದ್ದರೂ ಅವುಗಳ ಆಮ್ಲಜನಕ ಮಾಪಕಗಳು ಅದೇ ತತ್ತ್ವವನ್ನು ಅವಲಂಬಿಸಿರುವುದರಿಂದ, ಸಾಧನಗಳನ್ನು ಎಲ್ಲ ಬಣ್ಣದ ಚರ್ಮದ ಮೇಲೂ ಪರೀಕ್ಷಿಸಬೇಕೆಂಬ ಒತ್ತಾಯಕ್ಕೆ ಅದು ಕಾರಣವಾಯಿತು. ಚರ್ಮದ ಬಣ್ಣದಲ್ಲಿ ಅಪಾರ ವೈವಿಧ್ಯವಿರುವ ಭಾರತದಂತಹ ದೇಶಕ್ಕೆ ಈ ಪ್ರಶ್ನೆ ಮಹತ್ವದ್ದು.

ತಪ್ಪು ಭರವಸೆಗಳು

ಚರ್ಮವನ್ನು ಚುಚ್ಚದೆ ರಕ್ತದ ಸಕ್ಕರೆಯನ್ನು ಅಳೆಯುವುದಾಗಿ ಹೇಳಿಕೊಳ್ಳುವ ಗಡಿಯಾರ ಮತ್ತು ಉಂಗುರಗಳನ್ನು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಆವರೆಗೆ ಅಂತಹ ಯಾವ ಸಾಧನಕ್ಕೂ ಅದು ಅನುಮತಿ ನೀಡಿರಲಿಲ್ಲ. ತಪ್ಪು ಅಂಕಿಯನ್ನು ನಂಬಿ ಮಧುಮೇಹಿಯೊಬ್ಬರು ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಪ್ರಜ್ಞೆ ತಪ್ಪುವ ಅಥವಾ ಸಾವು ಸಂಭವಿಸುವ ಅಪಾಯವಿದೆ. ಗ್ಲೂಕೋಸ್ ಸಂವೇದಕವನ್ನು ಚರ್ಮದಡಿಯಲ್ಲಿ ಧರಿಸಿ, ಅದರ ಅಂಕಿಯನ್ನು ಗಡಿಯಾರದ ಪರದೆಯಲ್ಲಿ ಕೇವಲ ನೋಡುವ ವ್ಯವಸ್ಥೆಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ.

ಆರೋಗ್ಯದ ಮೇಲಿನ ಪರಿಣಾಮ

ಸಾಧನವನ್ನು ಧರಿಸಿದ ಮಾತ್ರಕ್ಕೆ ಆರೋಗ್ಯ ಸುಧಾರಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ. ತೂಕ ಇಳಿಸಲು ಬಯಸಿದ 471 ಯುವಜನರ ಮೇಲೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 2 ವರ್ಷಗಳ ಕೊನೆಗೆ ಸಾಧನ ಧರಿಸಿದ ಗುಂಪಿನವರು ಸರಾಸರಿ 3.5 ಕಿಲೋಗ್ರಾಂ ಕಳೆದುಕೊಂಡಿದ್ದರೆ, ಸಾಧನವಿಲ್ಲದೆ ಸಲಹೆ ಮಾತ್ರ ಪಡೆದ ಗುಂಪಿನವರು 5.9 ಕಿಲೋಗ್ರಾಂ ಕಳೆದುಕೊಂಡಿದ್ದರು. 10,000 ಹೆಜ್ಜೆಗಳ ಗುರಿಯನ್ನೂ ಸಂಶೋಧಕರು ಪರಿಶೀಲಿಸಿದ್ದಾರೆ. ಸರಾಸರಿ 72 ವರ್ಷ ವಯಸ್ಸಿನ 16,741 ಅಮೆರಿಕನ್ ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ ಸುಮಾರು 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. ಸುಮಾರು 7,500 ಹೆಜ್ಜೆಗಳ ನಂತರ ಹೆಚ್ಚಿನ ವ್ಯತ್ಯಾಸ ಕಂಡುಬರಲಿಲ್ಲ.

ದತ್ತಾಂಶ ಮತ್ತು ಖಾಸಗಿತನ

ಸಾಧನವು ಸಂಗ್ರಹಿಸಿದ ದತ್ತಾಂಶವು ಸಾಮಾನ್ಯವಾಗಿ ಫೋನಿನ ಆ್ಯಪ್ ಮೂಲಕ ತಯಾರಕರ ಸರ್ವರಿಗೆ ತಲುಪುತ್ತದೆ. ಒಬ್ಬ ವ್ಯಕ್ತಿ ಎಷ್ಟು ಹೊತ್ತಿಗೆ ಮಲಗಿದರು, ಎಲ್ಲಿಗೆ ಹೋದರು, ಹೃದಯ ಯಾವಾಗ ವೇಗವಾಗಿ ಬಡಿಯಿತು ಎಂಬ ವಿವರಗಳು ಒಟ್ಟುಗೂಡಿದಾಗ ಅವರ ದಿನಚರಿಯೇ ತೆರೆದುಕೊಳ್ಳುತ್ತದೆ.

ಹೆಸರುಗಳನ್ನು ತೆಗೆದ ದತ್ತಾಂಶವೂ ಸುರಕ್ಷಿತವಲ್ಲ ಎಂಬುದಕ್ಕೆ ಸ್ಟ್ರಾವಾ ಪ್ರಕರಣವು ನಿದರ್ಶನ. ಬಳಕೆದಾರರು ಓಡಿದ ಮತ್ತು ಸೈಕಲ್ ತುಳಿದ ದಾರಿಗಳನ್ನೆಲ್ಲ ಕೂಡಿಸಿದ ವಿಶ್ವ ಭೂಪಟವನ್ನು ಸ್ಟ್ರಾವಾ ಸಂಸ್ಥೆಯು 2017ರ ನವೆಂಬರಿನಲ್ಲಿ ಪ್ರಕಟಿಸಿತು. ಮರುಭೂಮಿಯಂತಹ ನಿರ್ಜನ ಪ್ರದೇಶಗಳಲ್ಲಿ ಹೊಳೆಯುತ್ತಿದ್ದ ಗೆರೆಗಳು ಸೇನಾ ನೆಲೆಗಳನ್ನೂ ಅಲ್ಲಿನ ಸೈನಿಕರ ಓಡಾಟದ ಹಾದಿಗಳನ್ನೂ ತೋರಿಸುತ್ತಿವೆ ಎಂಬುದನ್ನು 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬರು ಗುರುತಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ಕಾರ್ಯಾಚರಣೆಯ ಪ್ರದೇಶಗಳಲ್ಲಿ ಸ್ಥಳ ಸೂಚಿಸುವ ಸೌಲಭ್ಯಗಳ ಬಳಕೆಯನ್ನು ನಿಷೇಧಿಸಿತು.

ಸಾಧನವನ್ನು ಧರಿಸುವ ನಿರ್ಧಾರ ಧರಿಸುವವರದ್ದಲ್ಲದಿದ್ದಾಗ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ಚಂಡೀಗಢ, ಪಂಚಕುಲಾ ಮುಂತಾದ ನಗರಗಳ ಸ್ಥಳೀಯ ಆಡಳಿತಗಳು ಪೌರಕಾರ್ಮಿಕರಿಗೆ ಜಿಪಿಎಸ್ ಅಳವಡಿಸಿದ ಕೈಗಡಿಯಾರಗಳನ್ನು ನೀಡಿ, ಅವರ ಹಾಜರಾತಿ ಮತ್ತು ಓಡಾಟವನ್ನು ದೂರದಿಂದ ಗಮನಿಸುವ ವ್ಯವಸ್ಥೆಯನ್ನು ಜಾರಿಗೆ ತಂದವು. ಇದು ತಮ್ಮ ಘನತೆಗೆ ಮತ್ತು ಖಾಸಗಿತನಕ್ಕೆ ಧಕ್ಕೆ ತರುತ್ತದೆಂದು ಕಾರ್ಮಿಕರು ಪ್ರತಿಭಟಿಸಿದರು. ಕೊಂಡು ಧರಿಸಿದವರು ಬೇಡವೆನಿಸಿದಾಗ ಗಡಿಯಾರವನ್ನು ಬಿಚ್ಚಿಡಬಹುದು; ಸಂಬಳಕ್ಕೆ ಜೋಡಣೆಯಾದ ಗಡಿಯಾರವನ್ನು ಬಿಚ್ಚಿಡುವುದು ಸುಲಭವಲ್ಲ.

ಭಾರತದಲ್ಲಿ

ಭಾರತದಲ್ಲಿ ನಾಯ್ಸ್, ಬೋಟ್, ಫೈರ್-ಬೋಲ್ಟ್ ಮುಂತಾದ ಬ್ರ್ಯಾಂಡುಗಳ ಅಗ್ಗದ ಸ್ಮಾರ್ಟ್‌ವಾಚ್‌ಗಳು 2020ರ ನಂತರ ವೇಗವಾಗಿ ಹರಡಿದವು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಟೈಟನ್ ಕಂಪನಿಯು ಸಾಂಪ್ರದಾಯಿಕ ಗಡಿಯಾರಗಳ ಜೊತೆಗೆ ಫಾಸ್ಟ್‌ಟ್ರ್ಯಾಕ್ ಮತ್ತು ಟೈಟನ್ ಹೆಸರಿನಲ್ಲಿ ಇಂತಹ ಸಾಧನಗಳನ್ನೂ ಮಾರುತ್ತದೆ. ಸ್ಮಾರ್ಟ್ ಉಂಗುರಗಳನ್ನು ತಯಾರಿಸುವ ಅಲ್ಟ್ರಾಹ್ಯೂಮನ್ ಕೂಡ ಬೆಂಗಳೂರು ಮೂಲದ ಸಂಸ್ಥೆ.

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಈ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಆರಂಭವಾದ ಈ ಮೊಕದ್ದಮೆಯ ತೀರ್ಪು ವೈಯಕ್ತಿಕ ದತ್ತಾಂಶದ ರಕ್ಷಣೆಯ ಚರ್ಚೆಗೆ ತಳಹದಿಯಾಯಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ದತ್ತಾಂಶ ಸಂಗ್ರಹಕ್ಕೆ ತಿಳಿವಳಿಕೆಯ ಒಪ್ಪಿಗೆ, ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ಮತ್ತು ದತ್ತಾಂಶವನ್ನು ಅಳಿಸಲು ಕೇಳುವ ಹಕ್ಕನ್ನು ಈ ಕಾಯ್ದೆ ಒಳಗೊಂಡಿದೆ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ನಿಯಮವು ಆರೋಗ್ಯದ ದತ್ತಾಂಶವನ್ನು ವಿಶೇಷ ವರ್ಗವೆಂದು ಗುರುತಿಸಿ ಹೆಚ್ಚಿನ ರಕ್ಷಣೆ ನೀಡುತ್ತದೆ. ಭಾರತದ ಕಾಯ್ದೆಯಲ್ಲಿ ಇಂತಹ ಪ್ರತ್ಯೇಕ ವರ್ಗವಿಲ್ಲ.

ಪರಿಸರದ ಮೇಲಿನ ಪರಿಣಾಮ

ನೀರು ಒಳಹೋಗದಂತೆ ಅಂಟಿನಿಂದ ಮುಚ್ಚಿರುವ ಈ ಸಾಧನಗಳಲ್ಲಿ ಬ್ಯಾಟರಿಯನ್ನು ಬದಲಿಸುವುದು ಕಷ್ಟ. ಲಿಥಿಯಂ ಬ್ಯಾಟರಿಯ ಸಾಮರ್ಥ್ಯ ಕೆಲವು ವರ್ಷಗಳಲ್ಲಿ ಕುಗ್ಗಿದಾಗ, ಅಥವಾ ತಯಾರಕರು ತಂತ್ರಾಂಶದ ಬೆಂಬಲವನ್ನು ನಿಲ್ಲಿಸಿದಾಗ, ಉಳಿದ ಭಾಗಗಳು ಸುಸ್ಥಿತಿಯಲ್ಲಿದ್ದರೂ ಸಾಧನವು ಇ-ತ್ಯಾಜ್ಯವಾಗುತ್ತದೆ. ಬ್ಯಾಟರಿಯನ್ನು ಸಾಮಾನ್ಯ ಕಸದೊಂದಿಗೆ ಎಸೆದರೆ, ಅದು ಜಜ್ಜಿಹೋಗಿ ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ವಿದ್ಯುನ್ಮಾನ ಉಪಕರಣಗಳ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.

ಬಳಕೆಯಲ್ಲಿ ಗಮನಿಸಬೇಕಾದ ಅಂಶಗಳು

ಸಾಧನದ ಒಂದು ದಿನದ ಅಂಕಿಗಿಂತ ಹಲವು ವಾರಗಳ ಏರಿಳಿತ ಹೆಚ್ಚು ಅರ್ಥಪೂರ್ಣ. ಒಂದೇ ಸಾಧನದ ದೋಷವು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿರುವುದರಿಂದ ಬದಲಾವಣೆಯನ್ನು ಗುರುತಿಸಲು ಅದು ಉಪಯುಕ್ತ. ಔಷಧದ ಪ್ರಮಾಣವನ್ನು ಗಡಿಯಾರದ ಅಂಕಿಯನ್ನು ಮಾತ್ರ ಆಧರಿಸಿ ಬದಲಿಸುವುದು ಅಪಾಯಕಾರಿ. ಎದೆನೋವು, ಉಸಿರಾಟದ ತೊಂದರೆ ಅಥವಾ ಮೂರ್ಛೆಯಂತಹ ಲಕ್ಷಣಗಳಿದ್ದಾಗ ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಂಡರೂ ವೈದ್ಯರನ್ನು ಕಾಣುವುದು ಅಗತ್ಯ. ಸ್ಥಳದ ಮಾಹಿತಿಯ ಹಂಚಿಕೆಯನ್ನು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸುವುದು ಸಾಮಾನ್ಯವಾಗಿ ಸಾಧ್ಯ. ಸಾಧನವನ್ನು ಬೇರೆಯವರಿಗೆ ಕೊಡುವ ಮೊದಲು ಅದರಲ್ಲಿರುವ ದಾಖಲೆಯನ್ನು ಅಳಿಸಬೇಕು. ಆದರೆ ಇದರಿಂದ ಸರ್ವರಿನಲ್ಲಿರುವ ದತ್ತಾಂಶ ಅಳಿಯುವುದಿಲ್ಲ. ಅದಕ್ಕಾಗಿ ಖಾತೆಯನ್ನೇ ಅಳಿಸುವ ಪ್ರತ್ಯೇಕ ಕೋರಿಕೆ ಬೇಕಾಗುತ್ತದೆ.